ಎಡಗೈ ಕೊಡಲಿಯ ಅಜ್ಜನಿಗೆ

ಶಹಾಪುರ, ಬೆಳಗಾವಿ.
ಮಾರ್ಗಶಿರ ಮಾಸ.

ತೀರ್ಥರೂಪ ಅಜ್ಜನವರ ಪಾದಗಳಿಗೆ ಶಿರಸಾಷ್ಟಾಂಗ ನಮಸ್ಕಾರಗಳು.

ಇತ್ತ ನಾವೆಲ್ಲ ಕ್ಷೇಮ. ನಿಮ್ಮ ಕಡೆಯ ಕ್ಷೇಮಕ್ಕೆ ಬರೆಯಿರಿ ಎಂದು ಕೇಳುವುದು ಪತ್ರದ ರೂಢಿ. ನಿಮ್ಮನ್ನು ಹಾಗೆ ಕೇಳುವುದು ಹೇಗೆ? ನಿಮ್ಮ ಹೆಸರನ್ನು ಯಾರೂ ಬರೆದಿಟ್ಟಿಲ್ಲ. ನೀವು ಹೋಗಿ ನೂರು ವರ್ಷದ ಮೇಲಾಯಿತು. ನನ್ನ ಸ್ವಂತ ಅಜ್ಜನೂ ನೀವಲ್ಲ, ನಮ್ಮ ಮನೆಯ ತೊಲೆ ಕೆತ್ತಿದವರು. ಆದರೆ ನೀವು ಎಡಚರು ಎಂಬುದು ನನಗೆ ಗೊತ್ತು. ಅದು ಗೊತ್ತಾದ ದಿನದಿಂದ ನಿಮಗೊಂದು ಕಾಗದ ಬರೆಯಬೇಕು ಅನ್ನಿಸುತ್ತಲೇ ಇತ್ತು.

ಹೋದ ವರ್ಷ ನಮ್ಮ ಹಳೆಯ ಮನೆಯ ಮಾಡು ಇಳಿಸಿದೆವು. ಗೆದ್ದಲು ಹತ್ತಿದ ಜಂತಿಗಳು ಕೈಯಲ್ಲಿ ಹಿಡಿದರೆ ಪುಡಿಯಾಗುತ್ತಿದ್ದವು. ನಡುಮನೆಯ ತೊಲೆ ಮಾತ್ರ ಕಲ್ಲಿನ ಹಾಗೆ ಗಟ್ಟಿ. ನಾಲ್ಕು ತಲೆಮಾರಿನ ಅಡುಗೆಯ ಹೊಗೆ ಕುಡಿದು ಕಪ್ಪಾಗಿತ್ತು. ಎಂಟು ಮಂದಿ ಹಗ್ಗ ಹಾಕಿ ಅದನ್ನು ಇಳಿಸಿ ಅಂಗಳದಲ್ಲಿ ಮಲಗಿಸಿದರು. ಬಡಿಗೇರ ಕಾಕಾ ತೆಂಗಿನ ನಾರು ನೀರಿನಲ್ಲಿ ಅದ್ದಿ ಒಂದು ಮೊಳದಷ್ಟು ಜಾಗ ತಿಕ್ಕಿದರು. ಮಸಿಯ ಕೆಳಗಿನಿಂದ ಜೇನಿನ ಬಣ್ಣ ಎದ್ದು ಬಂತು. ಅವರು ಬಗ್ಗಿ ಕಣ್ಣು ಹತ್ತಿರ ತಂದು ಬೆರಳು ಆಡಿಸಿದರು.

“ಖಾನಾಪುರ ಕಡೇದು ಸಾಗವಾನಿ ಐತ್ರಿ ಬಾಯಿ ಇದು. ಗರಗಸ ಮುಟ್ಟಿಲ್ಲ ಇದಕ್ಕ. ಕೊಡಲೀಲೆನ ಕೆತ್ತಿ ಚೌಕ ಮಾಡ್ಯಾನ. ಇಲ್ಲಿ ನೋಡ್ರಿ, ಪೆಟ್ಟು ಎಲ್ಲಾ ಈ ಬಾಜೂದಿಂದನ ಬಿದ್ದಾವ. ರೊಡ್ಡ ಇದ್ದಾನ್ರಿ ಅವ.”

ರೊಡ್ಡ ಎಂದರೆ ನಮ್ಮ ಕಡೆ ಎಡಗೈಯವ. ನಾನೂ ಬೆರಳಿಟ್ಟು ನೋಡಿದೆ. ಮೀನಿನ ಪೊರೆಯಂತೆ ಒಂದರ ಪಕ್ಕ ಒಂದು ಸಣ್ಣ ತಗ್ಗು, ಎಲ್ಲ ಒಂದೇ ಓರೆಯಲ್ಲಿ. ಹುಟ್ಟಿದಾಗಿನಿಂದ ಈ ತೊಲೆಯ ಕೆಳಗೆ ಮಲಗಿ ಎದ್ದವಳು ನಾನು. ನನ್ನ ತೊಟ್ಟಿಲಿನ ಹಗ್ಗ ಇದಕ್ಕೇ ಕಟ್ಟಿದ್ದರಂತೆ. ಅದರ ಮೇಲೆ ಒಬ್ಬರ ಕೈ ಇತ್ತು ಎಂಬುದು ಐವತ್ತೆಂಟನೆಯ ವಯಸ್ಸಿನಲ್ಲಿ ತಿಳಿಯಿತು.

ಮನೆ ಕಟ್ಟಿದ್ದು ಬೆಳಗಾವಿಗೆ ರೈಲು ಬರುವ ಮುಂಚೆ ಎಂಬುದು ನಮ್ಮಲ್ಲಿ ನಡೆದು ಬಂದ ಮಾತು. ರೈಲು ಬಂದದ್ದು 1880ರ ದಶಕದ ಕೊನೆಗೆ. ಹಾಗಾದರೆ ಈ ತೊಲೆ ಕೆತ್ತಿದಾಗ ನಿಮಗೆ ಇಪ್ಪತ್ತೋ ಇಪ್ಪತ್ತೈದೋ ಎಂದು ನಾನೇ ವಯಸ್ಸು ಕೊಟ್ಟುಕೊಂಡಿದ್ದೇನೆ. ತಪ್ಪಾಗಿದ್ದರೆ ಹೊಟ್ಟೆಯಲ್ಲಿ ಹಾಕಿಕೊಳ್ಳಿರಿ.

ಅಜ್ಜಾ, ಇದಾದ ಕೆಲವೇ ದಿನಕ್ಕೆ ಹಳೆಯ ಮರದಚ್ಚಿನ ಚಿತ್ರಗಳ ಪುಸ್ತಕವೊಂದು ನನ್ನ ಕೈಗೆ ಬಂತು. ನಿಮ್ಮ ಕಾಲದಲ್ಲಿ ಫೋಟೋ ತೆಗೆಯುವುದು ಶುರುವಾಗಿತ್ತು, ಆದರೆ ಫೋಟೋವನ್ನು ಅಕ್ಷರಗಳ ಜೊತೆ ಪತ್ರಿಕೆಯಲ್ಲಿ ಅಚ್ಚು ಹಾಕುವ ದಾರಿ ಇನ್ನೂ ಸಿಕ್ಕಿರಲಿಲ್ಲ. ಅದಕ್ಕೇ ಲಂಡನ್ನಿನಲ್ಲಿ 1842ರಲ್ಲಿ ಶುರುವಾದ ‘ಇಲಸ್ಟ್ರೇಟೆಡ್ ಲಂಡನ್ ನ್ಯೂಸ್’, ನ್ಯೂಯಾರ್ಕಿನ 1857ರ ‘ಹಾರ್ಪರ್ಸ್ ವೀಕ್ಲಿ’ ಇಂಥ ವಾರಪತ್ರಿಕೆಗಳು ಲೋಕದ ಸುದ್ದಿಯನ್ನೆಲ್ಲ ಮರದ ಮೇಲೆ ಕೆತ್ತಿಸಿ ಅಚ್ಚು ಹಾಕುತ್ತಿದ್ದವು. ಯುದ್ಧ, ರಾಜರ ಮದುವೆ, ಹಡಗು ಮುಳುಗಿದ್ದು, ಎಲ್ಲವೂ ಮರದಿಂದಲೇ ಕಾಗದಕ್ಕೆ ಇಳಿಯಬೇಕು.

ಆ ಪುಸ್ತಕದಲ್ಲಿ ಚಳಿಗಾಲದ ಮರಕಡಿತದ ಚಿತ್ರಗಳು ಬಹಳ. ವಿನ್ಸ್ಲೋ ಹೋಮರ್ ಎಂಬ ಅಮೆರಿಕದ ಚಿತ್ರಕಾರ ಬರೆದದ್ದೊಂದು ‘ಎವ್ರಿ ಸ್ಯಾಟರ್ಡೇ’ ಎಂಬ ಪತ್ರಿಕೆಯಲ್ಲಿ 1871ರ ಜನವರಿಯಲ್ಲಿ ಬಂದಿತ್ತು. ಹಿಮದ ಕಾಡು, ದೊಡ್ಡ ಬೊಡ್ಡೆಯ ಮುಂದೆ ಕೊಡಲಿ ಎತ್ತಿ ನಿಂತ ಆಳು. 1871 ಅಂದರೆ ನಿಮ್ಮ ಕಾಲ. ಅವನು ಅಲ್ಲಿ ಕೊಡಲಿ ಎತ್ತಿದ ತಿಂಗಳು ನೀವೂ ಇಲ್ಲಿ ಎತ್ತಿರಬಹುದು.

ಆ ಹಿಮದ ದೇಶಗಳಲ್ಲಿ ಮರ ಕಡಿಯುವುದಕ್ಕೆ ಚಳಿಗಾಲವೇ ಬೇಕಂತೆ. ನೆಲದ ಮೇಲೆ ಹಿಮ ಬಿದ್ದರೆ ಗಾಲಿಯಿಲ್ಲದ ಜಾರುಬಂಡಿಯ ಮೇಲೆ ದಿಮ್ಮಿ ಪೇರಿಸಿ ಕುದುರೆ ಕಟ್ಟಿ ಎಳೆಯಬಹುದು. ದಾರಿ ಇನ್ನೂ ನುಣುಪಾಗಲಿ ಎಂದು ರಾತ್ರಿ ಅದರ ಮೇಲೆ ನೀರು ಸುರಿದುಕೊಂಡು ಹೋಗುತ್ತಿದ್ದರು, ಬೆಳಗಾಗುವುದರೊಳಗೆ ಅದು ಗಾಜಿನಂತೆ ಹೆಪ್ಪುಗಟ್ಟುತ್ತಿತ್ತು. ದಿಮ್ಮಿಗಳನ್ನು ಹೊಳೆಯ ದಂಡೆಗೆ ಒಟ್ಟಿ, ಬಿಸಿಲು ಬಂದು ಹಿಮ ಕರಗಿದ ಮೇಲೆ ನೀರಿಗೆ ಬಿಡುವುದು. ಯಾರ ದಿಮ್ಮಿ ಯಾವುದು ಎಂದು ತಿಳಿಯಲು ಪ್ರತಿಯೊಂದರ ತುದಿಗೂ ಗುರುತಿನ ಸುತ್ತಿಗೆಯಿಂದ ಹೊಡೆದ ಮುದ್ರೆ. ಅಂಥ ಸುತ್ತಿಗೆ ನಿಮಗೂ ಗೊತ್ತು, ನಿಮ್ಮ ಕಾಡಿನಲ್ಲಿ ಅದು ಸರಕಾರದ್ದು. ಕಡಿಯುವ ಮುಂಚೆ ಬುಡಕ್ಕೊಂದು, ಕಡಿದ ಮೇಲೆ ದಿಮ್ಮಿಗೊಂದು.

ಇನ್ನು ಅಚ್ಚಿನ ಮರದ ಮಾತು. ನೀವು ಮರದ ಮನುಷ್ಯರು, ನಿಮಗೆ ಹೇಳಲೇಬೇಕು. ಅದಕ್ಕೆ ಬಳಸುತ್ತಿದ್ದದ್ದು ಬಾಕ್ಸ್‌ವುಡ್ ಎಂಬ ಕುಳ್ಳ ಗಿಡ, ತುರ್ಕಿಯ ಕಡೆಯಿಂದ ಬರುತ್ತಿತ್ತು. ಬಹಳ ನಿಧಾನವಾಗಿ ಬೆಳೆಯುವುದರಿಂದ ಅದರ ಎಳೆ ಎಷ್ಟು ಒತ್ತೊತ್ತಾಗಿರುತ್ತದೆ ಎಂದರೆ ಕೂದಲಿನಷ್ಟು ತೆಳುವಾದ ಗೆರೆಯೂ ಮುರಿಯದೆ ನಿಲ್ಲುತ್ತದೆ. ಹಲಗೆಯ ಉದ್ದಕ್ಕೆ ಕೆತ್ತುವುದಿಲ್ಲ. ಬೊಡ್ಡೆಯನ್ನು ಅಡ್ಡ ಕೊಯ್ದು, ಆ ಕೊಯ್ದ ಮುಖದ ಮೇಲೆ ಮೊನೆಯುಳಿ ಒತ್ತಿ ಕೆತ್ತುವುದು. ಗಿಡ ಸಣ್ಣದಾದ್ದರಿಂದ ಅಂಗೈಯಗಲದ ತುಂಡುಗಳನ್ನು ಬೋಲ್ಟು ಹಾಕಿ ಜೋಡಿಸಿ ದೊಡ್ಡ ಫಲಕ ಮಾಡುತ್ತಿದ್ದರು. ಚಿತ್ರ ಬರೆದಾದ ಮೇಲೆ ಬೋಲ್ಟು ಬಿಚ್ಚಿ ಒಬ್ಬೊಬ್ಬ ಕೆತ್ತುವವನಿಗೆ ಒಂದೊಂದು ತುಂಡು. ರಾತ್ರಿಯೆಲ್ಲ ಕೆತ್ತಿ ಬೆಳಿಗ್ಗೆ ಮತ್ತೆ ಕೂಡಿಸುವುದು. ಒಬ್ಬನ ಪಾಲಿಗೆ ಬರೀ ಆಕಾಶ, ಇನ್ನೊಬ್ಬನ ಪಾಲಿಗೆ ಕುದುರೆಯ ಹಿಂಗಾಲು. ಈಗಲೂ ಕೆಲವು ಚಿತ್ರಗಳಲ್ಲಿ ಬೆಸುಗೆಯ ಬಿಳಿ ಗೆರೆ ಕಾಣುತ್ತದೆ. ಚಿತ್ರ ಬರೆದವನ, ಎಷ್ಟೋ ಸಲ ಕೆತ್ತಿದವನ ಹೆಸರೂ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಇರುತ್ತದೆ.

ಬಾಕ್ಸ್‌ವುಡ್ ತುಟ್ಟಿಯಾದಾಗ ಅದಕ್ಕೆ ಬದಲಿ ಮರ ಹಿಂದುಸ್ತಾನದ ಕಾಡಿನಲ್ಲೂ ಹುಡುಕಿದರು. ಆ ಹುಡುಕಾಟದಲ್ಲಿ ನಮ್ಮ ಬಿಕ್ಕೆಯ ಜಾತಿಯ ಗಿಡವೂ ಲೆಕ್ಕಕ್ಕೆ ಬಂತು. ಬಿಕ್ಕೆ ನಿಮಗೆ ಗೊತ್ತು, ಬಿಳಿ ಹೂವಿನದು. ಚಿತ್ರ ಕೆತ್ತಲು ನಿಮ್ಮ ಕಾಡಿನಂಥ ಕಾಡುಗಳ ಮರ ಪರೀಕ್ಷಿಸಿದರು, ನಿಮ್ಮ ಚಿತ್ರ ಮಾತ್ರ ಕೆತ್ತಲಿಲ್ಲ. ನಾನು ನೋಡಿದ ಪುಟಗಳಲ್ಲಿ ಬರ್ಮಾದ ಆನೆಗಳು ತೇಗದ ದಿಮ್ಮಿ ಪೇರಿಸುತ್ತಿದ್ದವು, ಅಮೆರಿಕದ ಆಳುಗಳು ಬೆಂಕಿಯ ಸುತ್ತ ಕೂತು ಉಣ್ಣುತ್ತಿದ್ದರು. ಖಾನಾಪುರದ ಕಾಡಿನ ಒಬ್ಬ ಮನುಷ್ಯ ಎಲ್ಲಿಯೂ ಕಣ್ಣಿಗೆ ಬೀಳಲಿಲ್ಲ. ಆ ಸಿಟ್ಟು ಇನ್ನೂ ಆರಿಲ್ಲ.

ಆ ಕೆಲಸದಲ್ಲಿ ಇನ್ನೊಂದು ಸಂಗತಿ ಇದೆ. ಫಲಕದ ಮೇಲೆ ಬರೆದ ಚಿತ್ರ ಕಾಗದಕ್ಕೆ ಬರುವಾಗ ಕನ್ನಡಿಯಲ್ಲಿ ಕಂಡಂತೆ ಎಡಬಲ ಆಗುತ್ತದೆ. ತಿಳಿದವರು ಫಲಕದ ಮೇಲೆಯೇ ತಿರುವುಮುರುವು ಬರೆದುಕೊಳ್ಳುತ್ತಿದ್ದರು. ಮರೆತರೆ ಬಲಗೈಯವನು ಎಡಗೈಯವನಾಗಿ ಅಚ್ಚಾಗುತ್ತಾನೆ. ನಿಮ್ಮನ್ನು ಯಾರಾದರೂ ಅವಸರದಲ್ಲಿ ಕಂಡಂತೆಯೇ ಬರೆದು ಕೆತ್ತಿದ್ದರೆ, ಕಾಗದದ ಮೇಲೆ ನೀವು ಬಲಗೈಯವರಾಗಿರುತ್ತಿದ್ದಿರಿ. ಆಗ ಆ ಚಿತ್ರ ಹಿಡಿದುಕೊಂಡು ಈ ತೊಲೆಯ ಮುಂದೆ ನಿಂತರೂ ನಿಮ್ಮ ಗುರುತು ಹತ್ತುತ್ತಿರಲಿಲ್ಲ.

ಅದಕ್ಕೇ ನಾನೇ ಒಂದು ಚಿತ್ರ ಕೆತ್ತಲು ಕೂತಿದ್ದೇನೆ, ಅಕ್ಷರದಲ್ಲಿ.

ಖಾನಾಪುರದ ಕಾಡಿಗೂ ಚಳಿಗಾಲವೇ ಕಡಿತದ ಕಾಲ. ಹಿಮ ಬಿದ್ದಿತೆಂದಲ್ಲ, ಮಳೆ ನಿಂತಿತೆಂದು. ಕಣಕುಂಬಿ, ಜಾಂಬೋಟಿ ಕಡೆ ಜೂನ್‌ನಲ್ಲಿ ಹಿಡಿದ ಮಳೆ ದಸರೆಯ ಹೊತ್ತಿಗೆ ಕೈಬಿಡುತ್ತದೆ. ಅಲ್ಲಿಯವರೆಗೆ ಕಾಡಿನೊಳಗೆ ಎತ್ತಿನ ಕಾಲು ಮೊಣಕಾಲುಮಟ ಹುಗಿಯುತ್ತದೆ, ಚಕ್ಕಡಿಯ ಗಾಲಿ ಏಳುವುದೇ ಇಲ್ಲ. ದೀಪಾವಳಿ ಮುಗಿದು ನೆಲ ಬಿಗಿಯಾದ ಮೇಲೆ ಮುಕ್ಕದ್ದಮ ಊರೂರಿಗೆ ಬಂದು ಆಳು ಎಣಿಸಿಕೊಂಡು ಹೋಗುತ್ತಾನೆ. ಬೆಳಗಿನ ಜಾವ ಕಣಿವೆ ತುಂಬ ಮಂಜು. ಬೆಳಗಾವಿಯ ಚಳಿ ನನಗೆ ಗೊತ್ತು, ಗುಂಜಿ ದಾಟಿದ ಮೇಲಿನ ಚಳಿ ಅದಕ್ಕಿಂತ ಒಂದು ಹದ ಹೆಚ್ಚು, ಎಲೆಯ ತುದಿಯಿಂದ ಮಳೆಯ ಹಾಗೆ ಹನಿ ಉದುರುತ್ತದೆ. ನೀವು ಕಂಬಳಿಯ ಕೊಪ್ಪೆ ಹೊದ್ದು, ನಾಚಣಿ ಅಂಬಲಿ ಕುಡಿದು, ಕೊಡಲಿಯ ಬಾಯಿಗೆ ಕಲ್ಲು ತಿಕ್ಕುತ್ತ ಕೂತಿದ್ದೀರಿ. ಕಲ್ಲು ಬಲಗೈಯಲ್ಲಿ, ಕೊಡಲಿ ಎಡಗೈಯಲ್ಲಿ.

ಇನ್ನು ಸಾಗವಾನಿಗೆ ಮೊದಲ ಪೆಟ್ಟು. ಗಿಡ ಯಾವ ಕಡೆ ಬೀಳಬೇಕೋ ಆ ಕಡೆ ಬುಡದಲ್ಲಿ ಬಾಯಿ ಕೆತ್ತುವುದು, ಆಮೇಲೆ ಎದುರು ಬದಿಯಿಂದ ಸ್ವಲ್ಪ ಮೇಲೆ ಕಡಿಯುವುದು. ಇಬ್ಬರು ಎದುರುಬದುರು ನಿಂತು ಪೆಟ್ಟಿಗೆ ಪೆಟ್ಟು ಕೂಡಿಸುವಾಗ ನಿಮ್ಮಂಥ ಎಡಗೈಯವರಿಗೆ ಬೆಲೆ ಇದ್ದಿರಬೇಕು. ಬಲಗೈಯವನು ನಿಲ್ಲಲಾಗದ ಇಳಿಜಾರಿನಲ್ಲಿ ನೀವು ಸಲೀಸಾಗಿ ನಿಲ್ಲುತ್ತೀರಿ. “ರೊಡ್ಡಗ ಕರೀರಿ” ಎಂದು ಮುಕ್ಕದ್ದಮ ಕೂಗುವುದು ನನಗೆ ಕೇಳಿಸುತ್ತದೆ. ಮರಾಠಿಯಲ್ಲಿ ಕೂಗಿದರೆ ಡಾವರಾ. ನಿಮ್ಮ ಮನೆಮಾತು ಮರಾಠಿಯೋ, ಕೊಂಕಣಿಯೋ, ಗೌಳಿಗರ ಮಾತೋ, ಸಂತೆಯಲ್ಲಿ ಆಡುವ ಕನ್ನಡವೋ. ಖಾನಾಪುರದಲ್ಲಿ ಒಬ್ಬನೇ ಮನುಷ್ಯ ಎತ್ತಿಗೆ ಒಂದು ಮಾತು, ಹೆಂಡತಿಗೆ ಒಂದು ಮಾತು, ಸಾಹುಕಾರನಿಗೆ ಇನ್ನೊಂದು ಮಾತು ಆಡುತ್ತಾನೆ. ನನಗೆ ಬರೆಯಲು ಬರುವುದು ಕನ್ನಡ. ನೀವು ಯಾರಿಂದಲಾದರೂ ಓದಿಸಿಕೊಳ್ಳಿರಿ.

ನೀರಡಿಕೆಯಾದರೆ ಹಳ್ಳಕ್ಕೆ ಇಳಿಯಬೇಕೆಂದಿಲ್ಲ. ಮೊಸಳೆ ಚರ್ಮದಂಥ ತೊಗಟೆಯ ಮತ್ತಿ ಮರದ ಮೈಯಲ್ಲಿ ಒಂದೊಂದು ಕಡೆ ಉಬ್ಬು ಇರುತ್ತದೆ, ಅಲ್ಲಿ ಕೊಡಲಿ ತಾಗಿಸಿದರೆ ನೀರು ಚಿಮ್ಮುತ್ತದೆ. ಚಿಗುರು ಸಾಗವಾನಿ ಎಲೆ ಹಿಸುಕಿದರೆ ಕೈ ಕೆಂಪಾಗುತ್ತದೆ, ಮಕ್ಕಳು ಅದನ್ನೇ ಮೆಹಂದಿ ಮಾಡಿಕೊಂಡಿರುತ್ತಾರೆ. ಹೌದು, ಮಕ್ಕಳೂ ಇದ್ದರು. ಅಮೆರಿಕದ ಆ ಚಿತ್ರಗಳಲ್ಲಿ ಬರೀ ಗಂಡಸರು, ತಿಂಗಳುಗಟ್ಟಲೆ ಹಲಗೆಯ ಮಂಚದಲ್ಲಿ ಒತ್ತಾಗಿ ಮಲಗುವವರು. ನಮ್ಮ ಕಡೆ ಕಾಡಿನ ಕೆಲಸಕ್ಕೆ ಸಂಸಾರವೇ ಎದ್ದು ಹೋಗುತ್ತದೆ. ಅಜ್ಜಿ ಟೊಂಗೆ ಸವರಿದ್ದಾಳೆ, ಸಿಪ್ಪೆ ಸುಲಿದಿದ್ದಾಳೆ, ಚಕ್ಕೆ ಆರಿಸಿ ಒಲೆ ಹೂಡಿದ್ದಾಳೆ. ತೊಲೆಯ ಮೇಲೆ ಅವಳ ಕೈಗುರುತು ಉಳಿದಿಲ್ಲ. ಅವಳಿಗೂ ನನ್ನ ನಮಸ್ಕಾರ ಹೇಳಿರಿ.

ಕೆಡವಿದ ಮರವನ್ನು ಅಲ್ಲಿಯೇ ಚೌಕ ಕೆತ್ತಿದರೆ ಭಾರ ಕಡಿಮೆ, ಎತ್ತು ಎಳೆಯುತ್ತವೆ. ಹಲಗೆ ಬೇಕಾದರೆ ಕೊಯ್ಯುವವರು ಬೇರೆ. ಗುಂಡಿಯ ಮೇಲೆ ದಿಮ್ಮಿ ಇಟ್ಟು ಒಬ್ಬ ಮೇಲೆ, ಒಬ್ಬ ಕೆಳಗೆ ನಿಂತು ಗರಗಸ ಎಳೆಯುವುದು. ಕೆಳಗಿನವನ ಕಣ್ಣು, ಮೂಗು ತುಂಬ ಹೊಟ್ಟು, ಸಂಜೆಗೆ ಅವನು ಹಳದಿ ಗೊಂಬೆಯಂತೆ ಮೇಲೆ ಬರುತ್ತಾನೆ. ಆಮೇಲೆ ಚಕ್ಕಡಿ. ಖಾನಾಪುರದಿಂದ ಬೆಳಗಾವಿಗೆ ಈಗ ಅರ್ಧ ತಾಸಿನ ಹಾದಿ. ಈ ತೊಲೆ ಹೇರಿದ ಚಕ್ಕಡಿ ದೇಸೂರಿನ ಹತ್ತಿರ ಎತ್ತು ಬಿಚ್ಚಿ ಒಂದು ರಾತ್ರಿ ಕಳೆದೇ ಊರು ಸೇರಿರಬೇಕು. ನೀವೂ ಜೊತೆಗೆ ಬಂದಿದ್ದಿರೇ? ವಖಾರದಲ್ಲಿ ನಮ್ಮ ಮುತ್ತಜ್ಜ ಮೊಳ ಹಾಕಿ ಅಳೆಯುವಾಗ ಒಂದು ಬದಿಗೆ ನಿಂತು ನೋಡಿದಿರೇ?

ಜ್ವರದ ಮಾತೂ ಬರೆಯಬೇಕು. ಮಳೆ ನಿಂತ ಮೇಲಿನ ಕಾಡಿನಲ್ಲಿ ಚಳಿಜ್ವರ ಮನೆಮನೆಗೆ ಬರುತ್ತಿತ್ತು. ನೀರಿನ ದೋಷ, ಗಾಳಿಯ ದೋಷ, ದೆವ್ವದ ಕಾಟ ಎಂದು ನೀವೂ ಸಾಹೇಬರೂ ಒಂದೊಂದು ಹೇಳಿದಿರಿ. ಸೊಳ್ಳೆಯ ಹೊಟ್ಟೆಯಲ್ಲಿ ಆ ರೋಗದ ಹುಳವನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡದ್ದು 1897ರಲ್ಲಿ. ನಿಮ್ಮ ಪಾಲಿಗೆ ಅದು ಬಹಳ ತಡ. ತೊಲೆಯ ನಡುವೆ ಒಂದು ಕಡೆ ಪೆಟ್ಟು ತಪ್ಪಿದೆ, ಓರೆ ಕೆಟ್ಟು ಆಳಕ್ಕೆ ಇಳಿದಿದೆ. ಅಷ್ಟು ಉದ್ದದಲ್ಲಿ ಅದೊಂದೇ. ಆ ದಿನ ಮೈ ಬಿಸಿಯಿತ್ತೇ ಅಜ್ಜಾ?

ನಿಮ್ಮ ಅಜ್ಜನ ಕಾಲಕ್ಕೆ ಕಾಡಿಗೆ ಬೇಲಿ ಇರಲಿಲ್ಲ. ಸಂಗೊಳ್ಳಿ ರಾಯಣ್ಣ ತನ್ನ ಜನ ಕಟ್ಟಿಕೊಂಡು ಇದೇ ಕಾಡಿನಲ್ಲಿ ತಿರುಗಿದ್ದನ್ನು ಅವರು ಕೇಳಿರುತ್ತಾರೆ, ಕಂಡಿದ್ದರೂ ಇರಬಹುದು. 1831ರ ಜನವರಿ 26ರಂದು ಅವನನ್ನು ನಂದಗಡದಲ್ಲಿ ಗಲ್ಲಿಗೆ ಹಾಕಿದರು. ಅದೂ ಚಳಿಗಾಲವೇ. ಅವನ ಸಮಾಧಿಯ ಬಳಿ ಆಲದ ಮರ ಇದೆ, ಜನ ಈಗಲೂ ಹೋಗಿ ಕೈಮುಗಿಯುತ್ತಾರೆ.

ಆಗ ಕುಮರಿ ಇತ್ತು. ಚಳಿಗಾಲದಲ್ಲಿ ಗುಡ್ಡದ ಮೈಯ ಗಿಡ ಸವರಿ ಒಣಗಲು ಬಿಟ್ಟು, ಮಳೆಗೆ ಮುಂಚೆ ಬೆಂಕಿ ಕೊಟ್ಟು, ಬೂದಿಯಲ್ಲಿ ನಾಚಣಿ ಚೆಲ್ಲುವುದು. ಎರಡು ಬೆಳೆ ತೆಗೆದು ಆ ಜಾಗವನ್ನು ಹತ್ತಾರು ವರ್ಷ ಗಿಡಕ್ಕೆ ಬಿಟ್ಟುಕೊಡುವುದು. 1847ರಲ್ಲಿ ಡಾಕ್ಟರ್ ಅಲೆಕ್ಸಾಂಡರ್ ಗಿಬ್ಸನ್ ಮುಂಬಯಿ ಪ್ರಾಂತದ ಮೊದಲ ಅರಣ್ಯ ಸಂರಕ್ಷಕನಾದ. ಪುಣೆಯ ಹತ್ತಿರ ದಾಪೋಡಿಯ ಸಸ್ಯತೋಟ ನೋಡಿಕೊಳ್ಳುತ್ತಿದ್ದ ವೈದ್ಯ. ಘಟ್ಟದ ಕಾಡು ಬೋಳಾದರೆ ಹಳ್ಳಕೊಳ್ಳ ಬತ್ತುತ್ತವೆ ಎಂದು ಅಷ್ಟು ಹಿಂದೆಯೇ ಹೇಳಿದವನು, ಅದು ಸರಿಯಾದ ಮಾತು. ಮಲಪ್ರಭೆ ಹುಟ್ಟುವುದು ಕಣಕುಂಬಿಯಲ್ಲಿ, ಮಹದಾಯಿ ಹುಟ್ಟುವುದು ಭೀಮಗಡದ ಕಾಡಿನಲ್ಲಿ. ಆ ಕಾಡು ಹೋದರೆ ಸವದತ್ತಿಯ ಬಯಲಿಗೆ ನೀರೆಲ್ಲಿಂದ? ಆದರೆ ಕುಮರಿಯೇ ಕಾಡಿನ ಶತ್ರು ಎಂದು ಅವನೂ ಅವನ ಹಿಂದೆ ಬಂದವರೂ ತೀರ್ಮಾನಿಸಿದ್ದು ನನಗೆ ಒಪ್ಪಿಗೆಯಾಗಿಲ್ಲ. ಒಂದು ಗುಡ್ಡಕ್ಕೆ ಹನ್ನೆರಡು ವರ್ಷ ವಿಶ್ರಾಂತಿ ಕೊಡುವವನನ್ನು ಹೊರಹಾಕಿ, ಹಡಗುಕಟ್ಟೆಗೂ ರೈಲುಹಾದಿಗೂ ಬೊಡ್ಡೆಗೆ ಬೊಡ್ಡೆ ಸಾಗಿಸಿದವರು ಕಾಡಿನ ಕಾವಲುಗಾರರಾದರು. 1865ರಲ್ಲಿ ಒಂದು ಕಾಯ್ದೆ, 1878ರಲ್ಲಿ ಅದಕ್ಕಿಂತ ಬಿಗಿಯಾದ ಇನ್ನೊಂದು. ಕಾಯ್ದಿಟ್ಟ ಅರಣ್ಯ ಎಂಬ ಹೆಸರು ಬಂತು. ನಿಮ್ಮಪ್ಪ ನೇಗಿಲಿಗೆಂದು ಕಡಿದುಕೊಂಡು ಬರುತ್ತಿದ್ದ ಅದೇ ಮರ ನೀವು ಕಡಿದರೆ ಕಳವಾಯಿತು, ಸರಕಾರದ ಸುತ್ತಿಗೆ ಬಿದ್ದ ಮೇಲೆ ಕೂಲಿಗಾಗಿ ಕಡಿದರೆ ಕೆಲಸವಾಯಿತು. ಅದೇ ಕೊಡಲಿ, ಅದೇ ಎಡಗೈ.

ಆಮೇಲೆ ಬರ. 1876ರಿಂದ 78ರವರೆಗಿನ ಆ ಬರದಲ್ಲಿ ನಮ್ಮ ಜಿಲ್ಲೆಯ ಪೂರ್ವದ ತಾಲ್ಲೂಕುಗಳಲ್ಲಿ ಜನ ಹುಳದಂತೆ ಸತ್ತರು. ಕಾಳು ಇದ್ದ ಕಡೆಯಿಂದ ಇಲ್ಲದ ಕಡೆಗೆ ಸಾಗಿಸಲು ಹಾದಿಯಿಲ್ಲ ಎಂಬ ಮಾತು ಎದ್ದು, ರೈಲು ಹಾಕುವ ತೀರ್ಮಾನವಾಯಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಲೋಂಡಾದಿಂದ ಖಾನಾಪುರ, ದೇಸೂರು, ಬೆಳಗಾವಿ, ಮುಂದೆ ಮೀರಜ್. ಲೋಂಡಾದಿಂದ ಇನ್ನೊಂದು ಕವಲು ಕ್ಯಾಸಲ್‌ರಾಕ್ ಕಡೆ ಹೋಗಿ ಗೋವೆಯ ಹಾದಿಗೆ ಸೇರಿತು. ಹಳಿಯ ಕೆಳಗೆ ಹಾಸಲು ಮರ ಬೇಕು. 1870ರ ದಶಕದ ಲೆಕ್ಕದಂತೆ ಇಡೀ ದೇಶದ ರೈಲಿಗೆ ವರ್ಷಕ್ಕೆ ಹತ್ತು ಲಕ್ಷಕ್ಕೂ ಮಿಕ್ಕಿ ಸ್ಲೀಪರ್‌ಗಳು ಬೇಕಾಗುತ್ತಿದ್ದವು. ಹಾಸಿದ್ದು ಮಳೆಗೆ, ಗೆದ್ದಲಿಗೆ ಹತ್ತಾರು ವರ್ಷದಲ್ಲಿ ಹೋಗುತ್ತದೆ, ಮತ್ತೆ ಹೊಸದು. ಹಸಿದವರಿಗೆ ಅನ್ನ ಮುಟ್ಟಿಸುವ ಹಾದಿ ಎಂದು ಕಾಡು ಕಡಿದರು, ಆ ಹಾದಿ ಸಿದ್ಧವಾದ ಮೇಲೆ ಕಾಡಿನ ಮರವೂ ಅದೇ ಹಾದಿಯಲ್ಲಿ ಇಳಿದು ಹೋಯಿತು. ಲೋಂಡಾ, ನಾಗರಗಾಳಿ, ಅಳ್ನಾವರದ ಸುತ್ತ ದಿಮ್ಮಿಗಳ ರಾಶಿ ಏಳುವುದನ್ನು ನೀವು ನಡುವಯಸ್ಸಿನಲ್ಲಿ ಕಂಡಿರಿ. ನನ್ನ ಎಣಿಕೆಯಲ್ಲಿ ಆಗ ನಿಮಗೆ ಮೂವತ್ತೈದು. ತೊಲೆ ಕೆತ್ತುವವನಿಗೆ ಒಂದೊಂದು ಮರವೂ ಬೇರೆ. ಸ್ಲೀಪರ್ ಕೆತ್ತುವವನಿಗೆ ಎಲ್ಲ ಒಂದೇ ಅಳತೆ, ಎಣಿಕೆಯಷ್ಟೇ.

1990ರ ದಶಕದಲ್ಲಿ ಸಣ್ಣ ಹಳಿ ತೆಗೆದು ದೊಡ್ಡ ಹಳಿ ಹಾಕಿದಾಗ ಮರದ ಸ್ಲೀಪರ್‌ಗಳು ಹರಾಜಿಗೆ ಬಂದವು. ಈಗ ಅಲ್ಲೆಲ್ಲ ಸಿಮೆಂಟಿನವು. ಬೆಳಗಾವಿಯ ಎಷ್ಟೋ ಮನೆಗಳ ಅಂಗಳದಲ್ಲಿ ಹಳೆಯ ಸ್ಲೀಪರ್‌ನ ಬಾಕು, ಮೆಟ್ಟಿಲು ಕಾಣುತ್ತವೆ. ಅವುಗಳಲ್ಲಿ ಮೊಳೆಯ ತೂತು ಮಾತ್ರ ಇದೆ, ಕೊಡಲಿಯ ಗುರುತು ಯಾವುದರಲ್ಲೂ ನನಗೆ ಸಿಗಲಿಲ್ಲ. ಎಲ್ಲಿ ಕಂಡರೂ ಬಗ್ಗಿ ನೋಡುವ ಚಟ ಹತ್ತಿದೆ.

ಒಂದು ಬಾವಲಿಯ ಕಥೆ ಹೇಳುತ್ತೇನೆ. ತಳೇವಾಡಿಯ ಹತ್ತಿರ ಬಾರಾಪೆಡೆ ಗವಿ ಇದೆಯಲ್ಲ, ಅಲ್ಲಿ ಉದ್ದ ಕಿವಿಯ ಒಂದು ಬಾವಲಿ ನೇತಾಡುತ್ತದೆ. ನೀವು ಅದನ್ನು ನೂರು ಸಲ ಕಂಡಿರುತ್ತೀರಿ. ಲೋಕಕ್ಕೆ ಅದು ಗೊತ್ತಾದದ್ದು 1913ರಲ್ಲಿ, ಆಮೇಲೆ ಬಹಳ ವರ್ಷ ಈ ಗವಿ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ ಎಂದೇ ತಿಳಿದಿದ್ದರು. ಅದಕ್ಕೆ ಇಟ್ಟ ಹೆಸರು ರಾಟನ್ ಎಂಬ ಸಾಹೇಬರದು. ಮುಂಬಯಿ ಪ್ರಾಂತದ ಅರಣ್ಯ ಇಲಾಖೆಯ ದೊಡ್ಡ ಅಧಿಕಾರಿಯಾಗಿದ್ದವರು, ಪ್ರಾಣಿಗಳನ್ನು ಪ್ರೀತಿಯಿಂದ ಅಭ್ಯಾಸ ಮಾಡಿದವರು. ಅವರ ಮೇಲೆ ನನಗೆ ದೂರಿಲ್ಲ. ಗಿಬ್ಸನ್ನನ ಹೆಸರು ಸಸ್ಯಗಳ ಪುಸ್ತಕದ ಮೇಲೆ ಇದೆ, ರಾಟನ್ನರ ಹೆಸರು ಬಾವಲಿಯ ಮೇಲೆ ಇದೆ, ಅಮೆರಿಕದ ಚಿತ್ರಕಾರನ ಹೆಸರು ಹಿಮದ ಮೂಲೆಯಲ್ಲಿ ಇದೆ. ಕತ್ತಲಾದ ಮೇಲೆ ಗವಿಯಿಂದ ಹಾರುವ ಬಾವಲಿಯೂ ಒಬ್ಬ ಅರಣ್ಯದ ಮನುಷ್ಯನ ಹೆಸರು ಹೊತ್ತು ತಿರುಗುತ್ತದೆ. ಕಾಡಿನಲ್ಲಿ ಹುಟ್ಟಿ ಕಾಡಿನಲ್ಲಿ ಮಣ್ಣಾದ ನಿಮ್ಮ ಹೆಸರು ಒಂದು ಹಳ್ಳಕ್ಕೂ ಇಲ್ಲ.

ಇದು ಬರೀ ಗೌರವದ ಮಾತಾಗಿದ್ದರೆ ನ್ಯಾಯ ಎಂದಾದರೂ ಆದೀತು ಎಂದು ಸುಮ್ಮನಿರುತ್ತಿದ್ದೆ. 2006ರಲ್ಲಿ ಅರಣ್ಯ ಹಕ್ಕು ಕಾಯ್ದೆ ಎಂಬುದು ಬಂತು. ಕಾಡಿನಲ್ಲಿ ಬಾಳಿದವರಿಗೆ ಚಾರಿತ್ರಿಕ ಅನ್ಯಾಯವಾಗಿದೆ ಎಂದು ಸರಕಾರವೇ ಅದರಲ್ಲಿ ಬರೆದುಕೊಂಡಿದೆ. ಆದರೆ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ಇಲ್ಲದವರು 2005ರ ಡಿಸೆಂಬರ್ 13ಕ್ಕೆ ಹಿಂದೆ ಮೂರು ತಲೆಮಾರು, ಅಂದರೆ 75 ವರ್ಷ, ಕಾಡಿನಲ್ಲೇ ಇದ್ದೆವು ಎಂದು ತೋರಿಸಬೇಕು. ತೋರಿಸುವುದು ಯಾವುದರಿಂದ? ಗೆಜೆಟಿಯರ್, ಜನಗಣತಿ, ಅಳತೆಯ ನಕಾಶೆ, ಇಲಾಖೆಯ ಕಾರ್ಯಯೋಜನೆ, ಹಳೆಯ ಬಾವಿ, ಮಣ್ಣು ಮಾಡಿದ ಜಾಗ, ದೇವರ ಬನ, ಹಿರಿಯರ ಬಾಯಿಮಾತು. 1884ರ ಬೆಳಗಾವಿ ಗೆಜೆಟಿಯರ್ ದಪ್ಪನೆಯ ಪುಸ್ತಕ, ಖಾನಾಪುರದ ಕಾಡಿನ ಮರಗಳ ಹೆಸರು ಅದರಲ್ಲಿವೆ. ನಿಮ್ಮ ಮರಿಮೊಮ್ಮಗ ಅದನ್ನು ಎದೆಗವಚಿಕೊಂಡು ಕಚೇರಿಗೆ ಹೋದರೂ ಅದರೊಳಗೆ ನಿಮ್ಮನ್ನು ತೋರಿಸಲಾರ. ಒಂದು ಅಂಗೈಯಗಲದ ಚಿತ್ರ ಇದ್ದಿದ್ದರೆ, ಅದರ ಕೆಳಗೆ ಹೆಮ್ಮಡಗಾದ ಮರ ಕಡಿಯುವವನು ಎಂದು ಒಂದು ಸಾಲು ಇದ್ದಿದ್ದರೆ, ಅವನ ಕೈಗೆ ಅಷ್ಟಾದರೂ ಸಿಗುತ್ತಿತ್ತು.

2011ರಲ್ಲಿ ಭೀಮಗಡ ಅಭಯಾರಣ್ಯವಾಯಿತು. ಕಾಡು ಉಳಿಯಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಅದರೊಳಗಿನ ಊರುಗಳಿಗೆ ಮಳೆಗಾಲದಲ್ಲಿ ಹಾದಿಯಿಲ್ಲ, ಹೆರಿಗೆ ನೋವು ಬಂದವಳನ್ನೂ ಹಾವು ಕಚ್ಚಿದವನನ್ನೂ ಬಿದಿರಿಗೆ ಜೋಲಿ ಕಟ್ಟಿ ಹೊತ್ತು ತರಬೇಕು. ತಳೇವಾಡಿಯವರು ಪರಿಹಾರ ತಗೊಂಡು ಊರು ಬಿಡಲು ಒಪ್ಪಿದ್ದಾರೆ. ಮಕ್ಕಳಿಗೆ ಶಾಲೆ ಬೇಕು, ಅವರನ್ನು ಹಿಡಿದು ನಿಲ್ಲಿಸಲು ನಾನು ಯಾರು? ಆದರೆ ಮನೆ ಬಿಚ್ಚಿ ಹಂಚು ಇಳಿಸಿದ ಮೇಲೆ ಅಲ್ಲಿ ಉಳಿಯುವುದು ಬಾವಿ, ತುಳಸಿಕಟ್ಟೆ, ನೆಟ್ಟ ಕಲ್ಲು. ಅವುಗಳ ಲೆಕ್ಕವನ್ನು ಯಾರಾದರೂ ಹೆಸರುಹಿಡಿದು ಬರೆದುಕೊಳ್ಳಲಿ ಎಂದು ಕಂಡವರಿಗೆಲ್ಲ ಹೇಳುತ್ತಿದ್ದೇನೆ. ಯಾರ ಅಜ್ಜ, ಯಾವ ಗುಡ್ಡದ ಕುಮರಿ, ಯಾವ ವರ್ಷದ ಕಡಿತದ ಕೂಪಿನಲ್ಲಿ ದುಡಿದದ್ದು. ಕೇಳಿ ಬರೆದುಕೊಂಡರೆ ಸಾಕು, ಹೇಳುವ ಮುದುಕಿಯರು ಇನ್ನೂ ಇದ್ದಾರೆ. ಹೋದ ತಿಂಗಳು ನಾನೇ ಒಂದು ನೋಟುಬುಕ್ಕು ಹಿಡಿದು ಜಾಂಬೋಟಿ ಕಡೆ ಎರಡು ದಿನ ಹೋಗಿ ಬಂದೆ. ಒಬ್ಬಾಕೆ ತನ್ನ ಮಾವ ಮರದಿಂದ ಬಿದ್ದು ಸತ್ತ ಜಾಗ ಬೆರಳು ಮಾಡಿ ತೋರಿಸಿದಳು. ಈಗ ಅಲ್ಲಿ ಹೆದ್ದಾರಿ.

ಅಂದಹಾಗೆ ಖಾನಾಪುರದ ಹೆದ್ದಾರಿ ಅಗಲ ಮಾಡುವಾಗ ಬೆಳಗಾವಿಯಿಂದ ಅಲ್ಲಿಯವರೆಗೆ ಇಕ್ಕೆಲದ ಮರಗಳನ್ನು ಕಡಿದದ್ದನ್ನು ನಾನು ಕಣ್ಣಾರೆ ಕಂಡೆ. ಕೈಯಲ್ಲಿ ಹಿಡಿಯುವ ಕಟಿಂಗ್ ಮಷಿನ್ನಿನಿಂದ ಒಂದು ಚಹಾ ಕುಡಿಯುವಷ್ಟರಲ್ಲಿ ಒಂದು ಮರ. ಕಡಿಯುತ್ತಿದ್ದವರು ಬೇರೆ ರಾಜ್ಯದಿಂದ ಬಂದ ಹುಡುಗರು, ಕಿವಿಗೆ ಬಟ್ಟೆ ಕಟ್ಟಿಕೊಂಡಿದ್ದರು. ಅವರ ಫೋಟೋಗಳು ಎಲ್ಲರ ಮೊಬೈಲಿನಲ್ಲಿ ಇವೆ. ಹೆಸರು ನಾನೂ ಕೇಳಲಿಲ್ಲ. ಈ ಪತ್ರ ಬರೆಯುವಾಗ ಅದು ನೆನಪಾಗಿ ತಲೆ ತಗ್ಗಿಸಿದೆ.

ಮರದಚ್ಚಿನಲ್ಲಿ ಉಳಿ ಎಲ್ಲಿ ತಾಗುತ್ತದೋ ಅಲ್ಲಿ ಮಸಿ ಹತ್ತುವುದಿಲ್ಲ, ಕಾಗದದ ಮೇಲೆ ಅದು ಬಿಳಿಯಾಗಿಯೇ ಉಳಿಯುತ್ತದೆ. ಹೋಮರನ ಆ ಚಿತ್ರದಲ್ಲಿ ಹಿಮ ಅಂದರೆ ಕೆತ್ತಿ ತೆಗೆದ ಮರ. ಇದನ್ನು ಬಡಿಗೇರ ಕಾಕಾಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ತೊಲೆಯನ್ನೇ ನೋಡುತ್ತ ನಿಂತು, “ನಮ್ದೂ ಹಂಗ ಅಲ್ಲೇನ್ರಿ, ನಾವು ತೆಗೆದದ್ದು ಯಾರಿಗೂ ಕಾಣಂಗಿಲ್ಲ” ಅಂದರು.

ಹೊಸ ಮನೆಗೆ ತೊಲೆಯ ಅಗತ್ಯವಿಲ್ಲ ಎಂದು ಎಂಜಿನಿಯರು ಹೇಳಿದರು. ಮಗ ಮೊದಲು ಒಪ್ಪಲಿಲ್ಲ, ಆಮೇಲೆ ಪಡಸಾಲೆಗೆ ಹಾಕೋಣ ಎಂದ. ಮೇಲ್ಮೈಯಲ್ಲಿ ಒಂದು ಬದಿಗೆ ಸಿಪ್ಪೆಯ ಗೀರು ಹಾಗೇ ಬಿಟ್ಟಿದ್ದೀರಿ. ಆ ಬದಿ ಹಂಚಿನ ಕಡೆ ಹೋಗುತ್ತದೆ, ಯಾರಿಗೂ ಕಾಣುವುದಿಲ್ಲ ಎಂದು ನೀವು ಕಾಡಿನಲ್ಲಿಯೇ ಲೆಕ್ಕ ಹಾಕಿದ್ದಿರಿ. ಈ ಸಲವೂ ಅದು ಮೇಲೆಯೇ ಇರುತ್ತದೆ. ರಂದಾ ಹೊಡೆಸುವುದಿಲ್ಲ. ಪೆಟ್ಟು ತಪ್ಪಿದ ಜಾಗಕ್ಕೆ ಲಾಂಬಿ ತುಂಬುತ್ತೇನೆ ಅಂದರು ಕಾಕಾ, ಬೇಡ ಅಂದೆ. ಪಡಸಾಲೆಯಲ್ಲಿ ಕೂತವರ ಕಣ್ಣು ಮೊದಲು ಅಲ್ಲಿಗೇ ಹೋಗಲಿ, ಕೇಳಲಿ, ಆಗ ಹೇಳುತ್ತೇನೆ.

ಗುರುವಾರ ತೊಲೆ ಏರಿಸುತ್ತಾರೆ. ಅದರ ತುದಿಯಲ್ಲಿ ಹಳೆಯ ಕಂಬ ಕೂಡಿಸಿದ್ದ ಒಂದು ಕಂಡಿ ಇದೆ, ಈಗ ಅದಕ್ಕೆ ಕೆಲಸವಿಲ್ಲ. ಈ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅದರೊಳಗೆ ಇಟ್ಟು, ಸಾಗವಾನಿಯದೇ ಬೆಣೆ ಹೊಡೆಯಲು ಹೇಳಿದ್ದೇನೆ.

ಅಜ್ಜಿಗೆ, ಮಕ್ಕಳಿಗೆ, ನಿಮ್ಮ ಜೋಡಿ ಎದುರು ನಿಂತು ಕಡಿದ ಆ ಬಲಗೈಯವರಿಗೆ ನಮಸ್ಕಾರಗಳು.

ಇಂತಿ ನಿಮ್ಮ ತೊಲೆಯ ಕೆಳಗೆ ಹುಟ್ಟಿ ಬೆಳೆದ ಮಗಳು.